ಬಾಗಿಲೇ ಸ್ಪೀಕರಿನ ಪೆಟ್ಟಿಗೆ

ಸಿಂದಗಿ ದಾಟಿ ಜೇವರ್ಗಿ ಕಡೆಗೆ ಹೊರಟ ಕಾರಿನಲ್ಲಿ ಹಾಡು ಹಚ್ಚಿ ನೋಡಿ. ಊರೊಳಗೆ ನಿಂತಾಗ ಎದೆಗೆ ತಾಕುತ್ತಿದ್ದ ಡೊಳ್ಳಿನ ಪೆಟ್ಟು, ರಾಷ್ಟ್ರೀಯ ಹೆದ್ದಾರಿ 50ರಲ್ಲಿ ವೇಗ 80ಕ್ಕೆ ಏರುತ್ತಲೇ ಕಾಣೆಯಾಗುತ್ತದೆ. ಟೈರಿನ ಸದ್ದೂ ಗಾಳಿಯ ಸದ್ದೂ ಸೇರಿ ತಗ್ಗು ಸ್ವರಗಳನ್ನೇ ಮೊದಲು ನುಂಗುತ್ತವೆ. ವಾಲ್ಯೂಮ್ ಏರಿಸಿದರೆ ಹಾಡುವವನ ದನಿ ಒಡೆಯುತ್ತದೆ, ಬಾಗಿಲ ಪ್ಯಾಡು ಜರ್ರೆಂದು ನಡುಗುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಾರಿನವರು ವಿಜಯಪುರಕ್ಕೋ ಸೊಲ್ಲಾಪುರಕ್ಕೋ ಹೋದಾಗ ಕಂಪನಿ ಸ್ಪೀಕರ್ ತೆಗೆಸಿ ಬೇರೆ ಹಾಕಿಸಲು ಹೊರಡುವುದು ಈ ಬೇಸರದಿಂದಲೇ.

ಹಾಕಿಸಬಹುದು, ತಪ್ಪಿಲ್ಲ. ಆದರೆ ದುಡ್ಡು ಎಲ್ಲಿ ಹಾಕಬೇಕು ಎಂಬುದರಲ್ಲಿ ಬಹಳ ಮಂದಿ ಎಡವುತ್ತಾರೆ. ಮನೆಯ ಸ್ಪೀಕರಿಗೆ ಮರದ ಪೆಟ್ಟಿಗೆ ಇರುತ್ತದೆ. ಕಾರಿನ ಸ್ಪೀಕರಿಗೆ ಬಾಗಿಲೇ ಪೆಟ್ಟಿಗೆ. ಪೆಟ್ಟಿಗೆ ಸೋರುತ್ತಿದ್ದರೆ ಎಂಥ ದುಬಾರಿ ಸ್ಪೀಕರೂ ಸೊರಗುತ್ತದೆ.

ಐವತ್ತು ಇಂಟು ನಾಕು

ಅಂಗಡಿಯಲ್ಲಿ ಮೊದಲು ಕಿವಿಗೆ ಬೀಳುವ ಮಾತು: “ಡೆಕ್ಕು ಐವತ್ತು ಇಂಟು ನಾಕು ಐತ್ರೀ ಸಾಹೇಬ್ರ, ಇನ್ನೇನ್ ಬೇಕ್ರೀ?” ಡೆಕ್ಕು ಅಂದರೆ ಕಾರಿನ ಸ್ಟಿರಿಯೊ, ನಾಲ್ಕು ಸ್ಪೀಕರಿಗೆ ತಲಾ ಐವತ್ತು ವ್ಯಾಟ್ ಕೊಡುತ್ತದೆ ಎಂಬುದು ಮಾತಿನ ಅರ್ಥ. ಈ ಐವತ್ತು ಎಲ್ಲಿಂದ ಬಂತು? ಎಂಜಿನ್ ಓಡುವಾಗ ಕಾರಿನ ವಿದ್ಯುತ್ತು ಸುಮಾರು 14.4 ವೋಲ್ಟ್ ಇರುತ್ತದೆ. ಸಾಮಾನ್ಯ ಕಾರ್ ಸ್ಪೀಕರಿನ ತಡೆ 4 ಓಮ್. ವೋಲ್ಟನ್ನು ವೋಲ್ಟಿನಿಂದಲೇ ಗುಣಿಸಿ ಓಮಿನಿಂದ ಭಾಗಿಸಿದರೆ ವ್ಯಾಟ್ ಸಿಗುತ್ತದೆ: 14.4 × 14.4 ÷ 4, ಅಂದರೆ ಸುಮಾರು 52. ಆದರೆ ಅಷ್ಟು ಹೊರಡಬೇಕಾದರೆ ಧ್ವನಿಯ ಅಲೆ ತಲೆ ಕತ್ತರಿಸಿದಂತೆ ಚಪ್ಪಟೆಯಾಗಬೇಕು. ಅದು ಹಾಡಾಗಿ ಉಳಿಯುವುದಿಲ್ಲ, ಬರೀ ಕರ್ಕಶ. ಅಲೆ ದುಂಡಗೆ, ಶುದ್ಧವಾಗಿ ಇರಬೇಕೆಂದರೆ ಲೆಕ್ಕ ಅರ್ಧಕ್ಕೆ, ಸುಮಾರು 26ಕ್ಕೆ ಇಳಿಯುತ್ತದೆ. ಒಳಗಿನ ಸೋರಿಕೆ ಕಳೆದರೆ ಪ್ರತಿ ಸ್ಪೀಕರಿನ ಪಾಲಿಗೆ ನಿಜವಾಗಿ ಬರುವುದು 15ರಿಂದ 20 ವ್ಯಾಟ್. ಬಾಕ್ಸಿನ ಮೇಲೆ ಆರ್‌ಎಂಎಸ್ ಎಂದು ಸಣ್ಣಕ್ಷರದಲ್ಲಿ ಬರೆದಿರುವುದೇ ಈ ನಿಜವಾದ ಅಂಕಿ. ದೊಡ್ಡಕ್ಷರದ 300, 400 ನೋಡಿ ಮರುಳಾಗಬೇಡಿ.

ಹಾಗಾಗಿ ಬೇರೆ ಆಂಪ್ಲಿಫೈಯರ್ ಹಾಕದೆ ಡೆಕ್ಕಿನಿಂದಲೇ ನಡೆಸುವವರು ನೋಡಬೇಕಾದದ್ದು ಸೆನ್ಸಿಟಿವಿಟಿ. ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರಕ್ಕೆ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಎಂಬ ಅಳತೆ ಅದು. 88 ಡೆಸಿಬೆಲ್‌ನ ಸ್ಪೀಕರಿನ ಬದಲು 91ರದ್ದು ಕೊಂಡರೆ, ಅದೇ ಡೆಕ್ಕಿಗೆ ಎರಡು ಪಟ್ಟು ಶಕ್ತಿ ಬಂದಂತೆ. ಒಂದು ಎಚ್ಚರ ಇರಲಿ: ಕೆಲವರು ಒಂದು ವ್ಯಾಟಿನ ಬದಲು 2.83 ವೋಲ್ಟಿಗೆ ಅಳೆದು ಬರೆದಿರುತ್ತಾರೆ. 4 ಓಮಿನ ಸ್ಪೀಕರಿಗೆ ಅದು ಎರಡು ವ್ಯಾಟ್ ಆಗುವುದರಿಂದ ಅಂಕಿ ಪುಕ್ಕಟೆಯಾಗಿ 3 ಡೆಸಿಬೆಲ್ ಹೆಚ್ಚು ಕಾಣುತ್ತದೆ.

ಅಳತೆ ಮೊದಲು, ಆಸೆ ಆಮೇಲೆ

ಬಾಗಿಲ ಸ್ಪೀಕರುಗಳಲ್ಲಿ ಹೆಚ್ಚು ಬಳಕೆಯ ಅಳತೆ ಆರೂವರೆ ಇಂಚಿನದು. ಹಳೆಯ ಮತ್ತು ಸಣ್ಣ ಕಾರುಗಳಲ್ಲಿ ನಾಲ್ಕು ಇಂಚು, ಐದೂಕಾಲು ಇಂಚೂ ಉಂಟು. ಅಗಲದಷ್ಟೇ ಮುಖ್ಯ ಆಳ. ಗಾಜನ್ನು ಪೂರಾ ಇಳಿಸಿ, ಸ್ಪೀಕರ್ ಕೂರುವ ತಗಡಿನಿಂದ ಗಾಜಿನವರೆಗೆ ಅಳೆಯಿರಿ. ಹೊಸ ಸ್ಪೀಕರಿನ ಹಿಂದಿನ ಆಯಸ್ಕಾಂತ ಅದಕ್ಕಿಂತ ಕಡಿಮೆ ಆಳದ್ದಿರಬೇಕು. ಇಲ್ಲದಿದ್ದರೆ ಮೊದಲ ಸಲ ಗಾಜು ಇಳಿಸಿದಾಗಲೇ ಟಕ್ ಎಂದು ತಾಗುತ್ತದೆ. ಸ್ವಲ್ಪವೇ ಕೊರತೆ ಇದ್ದರೆ ಅಡಾಪ್ಟರ್ ರಿಂಗ್ ಹಾಕಿ ಸ್ಪೀಕರನ್ನು ಮುಂದಕ್ಕೆ ತರಬಹುದು.

ತಗ್ಗು ಸ್ವರದ ವೂಫರಿನ ನಡುವೆಯೇ ಮೇಲ್ಸ್ವರದ ಟ್ವೀಟರ್ ಕೂತಿರುವುದು ಕೋಆಕ್ಸಿಯಲ್. ಟ್ವೀಟರ್ ಬೇರೆಯಾಗಿದ್ದು, ಎರಡಕ್ಕೂ ಸ್ವರ ಹಂಚುವ ಕ್ರಾಸ್‌ಓವರ್ ಜೊತೆ ಬರುವುದು ಕಾಂಪೊನೆಂಟ್. ಬಾಗಿಲ ಸ್ಪೀಕರ್ ಮೊಣಕಾಲ ಹತ್ತಿರ ಹಾಡುತ್ತದೆ. ಮೇಲ್ಸ್ವರಗಳು ನೆಟ್ಟಗೆ ಮುಂದಕ್ಕೇ ಹೋಗುವುದರಿಂದ ಕಾಲಿಗೆ ಬಡಿದು ಅಲ್ಲೇ ಸಾಯುತ್ತವೆ. ವಚನ ಗಾಯನ, ತತ್ವಪದ ಕೇಳುವವರಿಗೆ ಮಾತಿನ ಸ್ಪಷ್ಟತೆ ಮುಖ್ಯ. ಅವರು ಮುಂದಿನ ಬಾಗಿಲುಗಳಿಗೆ ಕಾಂಪೊನೆಂಟ್ ಹಾಕಿಸಿ ಟ್ವೀಟರನ್ನು ಕನ್ನಡಿಯ ಬಳಿಯ ತ್ರಿಕೋನದಲ್ಲಿ ಕೂರಿಸಿದರೆ ಅಕ್ಷರ ಅಕ್ಷರವೂ ಬಿಡಿಬಿಡಿಯಾಗಿ ಕೇಳುತ್ತದೆ. ಹಿಂದಿನ ಬಾಗಿಲಿಗೆ ಕಂಪನಿಯದೇ ಸಾಕು.

ಪ್ಯಾಡು ಬಿಚ್ಚಿದಾಗ

ಬ್ಯಾಟರಿಯ ಮೈನಸ್ ತಂತಿ ಬಿಡಿಸಿ ಕೆಲಸ ಶುರುಮಾಡಿ. ಹಿಡಿಕೆಯ ಹಿಂದೆ, ಕೈ ಇಡುವ ಜಾಗದ ಕೆಳಗೆ ಸ್ಕ್ರೂ ಅಡಗಿರುತ್ತವೆ. ಅವು ಬಂದ ಮೇಲೆ ಪ್ಯಾಡನ್ನು ಕೆಳಗಿನ ಮೂಲೆಯಿಂದ ಎಳೆದರೆ ಕ್ಲಿಪ್ಪುಗಳು ಪಟಪಟನೆ ಬಿಡುತ್ತವೆ. ಬಿಸಿಲು ತಿಂದ ಕ್ಲಿಪ್ಪು ಮುರಿಯುವುದು ಸಾಮಾನ್ಯ, ಹತ್ತಾರು ಹೊಸವು ಕೈಯಲ್ಲಿರಲಿ. ಮುರಿದ ಕ್ಲಿಪ್ಪಿನ ಜಾಗದಲ್ಲೇ ನಾಳೆ ಜರ್ ಸದ್ದು ಹುಟ್ಟುತ್ತದೆ. ಪ್ಯಾಡನ್ನು ಮೇಲಕ್ಕೆತ್ತಿ, ಗಾಜಿನ ಸ್ವಿಚ್ಚಿನ ಕಪ್ಲರ್, ಲಾಕಿನ ಕೇಬಲ್ ಬಿಡಿಸಿ ಪಕ್ಕಕ್ಕಿಡಿ. ಕೆಲವು ಕಾರುಗಳಲ್ಲಿ ಸೈಡ್ ಏರ್‌ಬ್ಯಾಗಿಗೆ ಸುದ್ದಿ ಮುಟ್ಟಿಸುವ ಸೆನ್ಸರ್ ಬಾಗಿಲೊಳಗಿನ ಗಾಳಿಯ ಒತ್ತಡವನ್ನೇ ಅಳೆಯುತ್ತದೆ. ಅಂಥ ಬಾಗಿಲಿಗೆ ಹೊಸ ತೂತು ಕೊರೆಯಬಾರದು.

ಕಂಪನಿ ಸ್ಪೀಕರನ್ನು ರಿವೆಟ್ ಹೊಡೆದು ಕೂರಿಸಿದ್ದರೆ ಡ್ರಿಲ್ಲಿನಿಂದ ತೆಗೆಯಬೇಕು. ಆಗ ಉದುರುವ ಕಬ್ಬಿಣದ ಪುಡಿಯನ್ನು ಪೂರಾ ಒರೆಸದೆ ಹೊಸ ಸ್ಪೀಕರನ್ನು ಹತ್ತಿರವೂ ತರಬೇಡಿ. ಆಯಸ್ಕಾಂತ ಅದನ್ನು ಎಳೆದುಕೊಳ್ಳುತ್ತದೆ. ಒಂದು ಕಣ ಸುರುಳಿಯ ಸಂದಿಗೆ ಹೋದರೂ ಸ್ಪೀಕರ್ ಜೀವಮಾನವಿಡೀ ಕೆರೆಯುತ್ತದೆ.

ಈಗ ಪೆಟ್ಟಿಗೆಯ ಮಾತು. ಸ್ಪೀಕರಿನ ಪರದೆ ಮುಂದಕ್ಕೆ ಗಾಳಿ ತಳ್ಳುವಾಗಲೇ ಹಿಂದೆ ಗಾಳಿಯನ್ನು ಹೀರುತ್ತದೆ. ನಡುವೆ ಸಂದಿ ಇದ್ದರೆ ಮುಂದಿನ ಗಾಳಿ ಸುತ್ತಿ ಬಂದು ಹಿಂದಿನದನ್ನು ತುಂಬುತ್ತದೆ, ತಗ್ಗು ಸ್ವರ ಅಲ್ಲಿಗೇ ಮುಗಿಯಿತು. ಬದುವಿನಲ್ಲಿ ಇಲಿ ಬಿಲ ಮಾಡಿದ ಹೊಲದಲ್ಲಿ ನೀರು ನಿಂತೀತೆ? 100 ಹರ್ಟ್ಸ್ ಸ್ವರದ ಅಲೆ ಹತ್ತಿರಹತ್ತಿರ ಮೂರೂವರೆ ಮೀಟರ್ ಉದ್ದ, ಬಾಗಿಲ ಸುತ್ತ ಸುತ್ತಿ ಬರುವುದು ಅದಕ್ಕೆ ಕಷ್ಟವೇ ಅಲ್ಲ. ಆದ್ದರಿಂದ ಸ್ಪೀಕರಿನ ಸುತ್ತ ಫೋಮ್ ಗ್ಯಾಸ್ಕೆಟ್, ಒಳ ತಗಡಿನ ದೊಡ್ಡ ತೂತುಗಳಿಗೆ ಮುಚ್ಚಳ, ಹೊರ ತಗಡಿನ ಒಳಮೈಗೆ ಡ್ಯಾಂಪಿಂಗ್ ಶೀಟ್ ಹಾಕಿಸಬೇಕು. ಎರಡು ಸಾವಿರ ಹೆಚ್ಚು ಕೊಟ್ಟು ಮೇಲಿನ ಮಾಡೆಲ್ ಕೊಳ್ಳುವ ಬದಲು ಆ ದುಡ್ಡನ್ನು ಇಲ್ಲಿ ಹಾಕಿ.

ನಮ್ಮ ಬಿಸಿಲು, ನಮ್ಮ ಎರೆಮಣ್ಣು

ವಿಜಯಪುರ ಜಿಲ್ಲೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬಿಸಿಲಲ್ಲಿ ನಿಂತ ಕಾರಿನ ತಗಡು ಅದಕ್ಕಿಂತ ಬಹಳ ಹೆಚ್ಚು ಕಾಯುತ್ತದೆ. ಅಗ್ಗದ ಡಾಂಬರಿನ ಶೀಟು ಆ ಕಾವಿಗೆ ಕರಗಿ ಜಾರುತ್ತದೆ, ಒಳಗೆಲ್ಲ ವಾಸನೆ. ಬ್ಯುಟೈಲ್ ರಬ್ಬರಿನದ್ದನ್ನೇ ಕೇಳಿ. ಸ್ಪೀಕರಿನ ಅಂಚೂ ಫೋಮಿನದಲ್ಲದೆ ರಬ್ಬರಿನದಾಗಿದ್ದರೆ ಹೆಚ್ಚು ವರ್ಷ ಬಾಳುತ್ತದೆ.

ಇನ್ನು ನೀರು. ಗಾಜಿನ ಪಟ್ಟಿಯ ಸಂದಿಯಿಂದ ಮಳೆನೀರು ಬಾಗಿಲೊಳಗೆ ಇಳಿದೇ ಇಳಿಯುತ್ತದೆ, ತಳದ ಸಣ್ಣ ತೂತುಗಳಿಂದ ಹೊರಗೆ ಹೋಗುತ್ತದೆ. ಎರೆಹೊಲದ ದಾರಿಯ ಧೂಳು ಆ ತೂತುಗಳಲ್ಲಿ ಕೂತು, ಮೊದಲ ಮಳೆಗೆ ಹಸಿಯಾಗಿ, ಒಣಗಿ ಬೆಣೆ ಹೊಡೆದಂತಾಗುತ್ತದೆ. ಪ್ಯಾಡು ಬಿಚ್ಚಿದಾಗಲೇ ಕಡ್ಡಿ ಹಾಕಿ ಬಿಡಿಸಿ. ಅವುಗಳ ಮೇಲೆ ಶೀಟು ಅಂಟಿಸದಂತೆ ನಿಂತು ನೋಡಿ. ಪ್ಯಾಡಿನ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಮರಳಿ ಬಿಗಿಯಾಗಿ ಅಂಟಿಸಬೇಕು, ಇಲ್ಲದಿದ್ದರೆ ನೀರು ಪ್ಯಾಡಿಗೆ, ಅಲ್ಲಿಂದ ಮ್ಯಾಟಿಗೆ. ಕಾಗದದ ಪರದೆಗಿಂತ ಪಾಲಿಪ್ರೊಪಿಲೀನ್ ಪರದೆ ಈ ತೇವಕ್ಕೆ ತಡೆಯುತ್ತದೆ.

ಪ್ಲಸ್ಸು, ಮೈನಸ್ಸು

ಕಂಪನಿ ತಂತಿ ಕತ್ತರಿಸದೆ, ನಿಮ್ಮ ಕಾರಿಗೆ ಹೊಂದುವ ಕಪ್ಲರ್ ತಂದು ಜೋಡಿಸಿ. ನಾಳೆ ಹಳೆಯದನ್ನೇ ಹಾಕಬೇಕೆಂದರೂ ಸುಲಭ, ವಾರಂಟಿಯ ತಕರಾರೂ ಕಡಿಮೆ. ನನ್ನ ಹಳೆಯ ಕಾರಿನಲ್ಲಿ ಒಮ್ಮೆ ಬಲಗಡೆ ಪ್ಲಸ್ಸು-ಮೈನಸ್ಸು ಅದಲುಬದಲಾಗಿತ್ತು. ಎರಡೂ ಸ್ಪೀಕರ್ ಹಾಡುತ್ತಿದ್ದವು, ಬೇಸ್ ಮಾತ್ರ ಇಲ್ಲ. ಒಂದು ಮುಂದಕ್ಕೆ ತಳ್ಳಿದ್ದನ್ನು ಇನ್ನೊಂದು ಹಿಂದಕ್ಕೆ ಎಳೆಯುತ್ತಿತ್ತು. ವಾರಗಟ್ಟಲೆ ಸ್ಪೀಕರನ್ನೇ ಬೈದೆ. ಪರೀಕ್ಷೆಗೆ ಗಡಿಯಾರದ 1.5 ವೋಲ್ಟ್ ಸೆಲ್ಲು ಸಾಕು: ಡೆಕ್ಕಿನಿಂದ ಬಿಡಿಸಿದ ಸ್ಪೀಕರಿನ ಪ್ಲಸ್ಸಿಗೆ ಸೆಲ್ಲಿನ ಪ್ಲಸ್ಸನ್ನು, ಮೈನಸ್ಸಿಗೆ ಮೈನಸ್ಸನ್ನು ಕ್ಷಣ ಮುಟ್ಟಿಸಿದರೆ ಪರದೆ ಹೊರಕ್ಕೆ ಚಿಮ್ಮಬೇಕು.

ಕೊನೆಗೆ ಡೆಕ್ಕಿನ ಸೆಟ್ಟಿಂಗಿನಲ್ಲಿ ತೀರಾ ತಗ್ಗು ಸ್ವರ ತಡೆಯುವ ಹೈಪಾಸ್ ಇದ್ದರೆ 80 ಹರ್ಟ್ಸಿಗೆ ಇಡಿ. ಆರೂವರೆ ಇಂಚಿನ ಸ್ಪೀಕರಿಗೆ ಹೊರಲಾಗದ ಭಾರ ಇಳಿದು ದನಿ ತಿಳಿಯಾಗುತ್ತದೆ.

ಕೆಲಸ ಸರಿಯಾಗಿದೆಯೇ ಎಂದು ತಿಳಿಯಲು ಹಾಡು ಹಚ್ಚಬೇಕಾಗಿಯೂ ಇಲ್ಲ. ಅಂಗಡಿಗೆ ಹೋಗುವ ಮೊದಲು ಬಾಗಿಲ ಹೊರ ತಗಡನ್ನು ಬೆರಳ ಗೆಣ್ಣಿನಿಂದ ಒಮ್ಮೆ ಬಡಿದು ನೋಡಿ, ಖಾಲಿ ಡಬ್ಬಿಯ ಹಾಗೆ ‘ಡಣ್’ ಎನ್ನುತ್ತದೆ. ಬರುವಾಗ ಮತ್ತೊಮ್ಮೆ ಬಡಿಯಿರಿ. ‘ದಬ್’ ಎಂದು ಗಟ್ಟಿಯಾಗಿ ಮೊಟಕಾಗಿ ನಿಂತರೆ ದುಡ್ಡು ಕೊಟ್ಟು ಬನ್ನಿ. ಇನ್ನೂ ‘ಡಣ್’ ಎಂದರೆ ಸ್ಪೀಕರ್ ಬದಲಾಗಿದೆ, ಪೆಟ್ಟಿಗೆ ಬದಲಾಗಿಲ್ಲ.