ಏರುದಾರಿಯ ಲೆಕ್ಕ: ಮೈಭಾರವೂ ಕಾಲ್ಬಲವೂ

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ವಾರಾಂತ್ಯದ ಬೆಳಗ್ಗೆ ಸೈಕಲ್ ಹತ್ತುವವರು ಹಲವರಿದ್ದಾರೆ. ಐವತ್ತು ದಾಟಿದ ಗೃಹಿಣಿಯಾದ ನಾನೂ ಅವರಲ್ಲೊಬ್ಬಳು. ಮೌಂಟನ್ ವ್ಯೂ ಬಳಿಯ ಕೊಲ್ಲಿ ದಂಡೆಯ ಹಾದಿಯಲ್ಲಿ ಎಲ್ಲರಿಗೂ ಸರಿಸಮನಾಗಿ ಸಾಗುವವರು ಓಲ್ಡ್ ಲಾ ಹೋಂಡಾ ರಸ್ತೆಯ ಏರಿನಲ್ಲಿ ಹಿಂದೆ ಬೀಳುವುದೇಕೆ? ತೂಕ ಇಳಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂಬುದು ನಮ್ಮಲ್ಲಿ ವಾಡಿಕೆಯ ಉತ್ತರ. ಅದು ಅರ್ಧಸತ್ಯವೆಂಬುದು ನನ್ನ ಅಭಿಪ್ರಾಯ. ಕಲಾ ವಿಭಾಗದ ಪದವೀಧರೆಯಾದ ನನಗೆ ಭೌತಶಾಸ್ತ್ರ ದೂರದ ನೆಂಟ. ಆದರೂ ಈ ಲೆಕ್ಕ ಮನೆಯ ಜಮಾಖರ್ಚಿಗಿಂತ ಕಠಿಣವೇನಲ್ಲ.

ಸಮತಟ್ಟಾದ ನೆಲದಲ್ಲಿ ಸವಾರರ ಮುಖ್ಯ ಎದುರಾಳಿ ಗಾಳಿ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿಯಾಗುತ್ತದೆ. ಅಲ್ಲಿ ನಾಲ್ಕಾರು ಕಿಲೋ ಮೈಭಾರದಿಂದಾಗುವ ವ್ಯತ್ಯಾಸ ಅತ್ಯಲ್ಪ. ಏರಿನಲ್ಲಾದರೋ ವೇಗ ತಗ್ಗಿ ಗಾಳಿ ಹಿಂದೆ ಸರಿಯುತ್ತದೆ. ಭೂಮಿಯ ಸೆಳೆತ ಮುಂದೆ ಬರುತ್ತದೆ. ಓಲ್ಡ್ ಲಾ ಹೋಂಡಾ ರಸ್ತೆ ಮೂರು ಮೈಲಿಗೆ ತುಸು ಹೆಚ್ಚು ದೂರದಲ್ಲಿ ಸುಮಾರು 1,300 ಅಡಿ, ಅಂದರೆ 390 ಮೀಟರಿನಷ್ಟು ಮೇಲೇರುತ್ತದೆ. ಸವಾರರ ತೂಕ 68 ಕಿಲೋ, ಸೈಕಲ್ಲಿನದು 12 ಕಿಲೋ ಎಂದಿಟ್ಟುಕೊಳ್ಳೋಣ. ಈ 80 ಕಿಲೋ ಭಾರವನ್ನು ಅಷ್ಟೆತ್ತರಕ್ಕೆ ಒಯ್ಯಲು ಸುಮಾರು 3,06,000 ಜೂಲ್ ಶಕ್ತಿ ಬೇಕು. ಗಾಳಿ, ಘರ್ಷಣೆಗಳನ್ನು ಬದಿಗಿಟ್ಟರೆ, ಎಡೆಬಿಡದೆ 100 ವಾಟ್ ನೀಡಬಲ್ಲ ಕಾಲುಗಳಿಗೆ 51 ನಿಮಿಷ ಸಾಕು. ನಾಲ್ಕು ಕಿಲೋ ಇಳಿಸಿದರೆ ಉಳಿಯುವುದು ಸುಮಾರು ಎರಡೂವರೆ ನಿಮಿಷ. ತೂಕ ಹಾಗೆಯೇ ಇದ್ದು ಕಾಲುಗಳು 105 ವಾಟ್ ನೀಡಿದರೂ ಉಳಿತಾಯ ಅಷ್ಟೇ! ಮೇಲಾಗಿ, ಈ ಐದು ವಾಟ್ ಸಮತಟ್ಟಿನಲ್ಲೂ ಫಲ ಕೊಡುತ್ತದೆ.

ಇದಕ್ಕೆ ಪೈಲ್ವಾನರ ತೊಡೆಗಳೇನೂ ಬೇಕಿಲ್ಲ. ನಿಮಿಷಕ್ಕೆ 60 ಸುತ್ತಿನಂತೆ ತುಳಿಯುವಾಗ 100 ವಾಟಿಗೆ ಪೆಡಲಿನ ಮೇಲೆ ಬೇಕಾದ ಸರಾಸರಿ ಒತ್ತಡ ಹತ್ತು ಕಿಲೋ ತೂಕಕ್ಕಿಂತಲೂ ತುಸು ಕಡಿಮೆ. ಮೆಟ್ಟಿಲು ಹತ್ತುವಾಗ ಒಂದೇ ಕಾಲು ಇಡೀ ಮೈಭಾರವನ್ನು ಎತ್ತುತ್ತದಲ್ಲವೆ? ಕೊರತೆಯಿರುವುದು ಬಲದಲ್ಲಲ್ಲ, ಅದನ್ನು ಐವತ್ತು ನಿಮಿಷ ಉಳಿಸಿಕೊಳ್ಳುವ ತಾಳಿಕೆಯಲ್ಲಿ. ಇಲ್ಲಿ ಹಗುರ ಗೇರು ನೆರವಿಗೆ ಬರುತ್ತದೆ. ಸ್ಯಾನ್ ಹೋಸೆಯ ಪೂರ್ವಕ್ಕಿರುವ ಮೌಂಟ್ ಹ್ಯಾಮಿಲ್ಟನ್ ರಸ್ತೆಯನ್ನೇ ನೋಡಿ. ಲಿಕ್ ವೀಕ್ಷಣಾಲಯದ ಸಾಮಗ್ರಿ ಎಳೆಯುವ ಕುದುರೆಗಳು ಬಸವಳಿಯದಿರಲೆಂದು, 1876ರಲ್ಲಿ ಅದನ್ನು ಬೆಟ್ಟದ ಮೈಯನ್ನು ಬಳಸಿ ಬಳಸಿ ಹೋಗುವಂತೆ ನಿರ್ಮಿಸಿದರು. ದಾರಿ ಉದ್ದವಾಯಿತು, ಎಳೆತದ ಶ್ರಮ ತಗ್ಗಿತು. ಹಗುರ ಗೇರಿನ ಗುಟ್ಟೂ ಅದೇ: ಸುತ್ತು ಹೆಚ್ಚು, ಒತ್ತಡ ಕಡಿಮೆ, ಮಂಡಿಗೆ ನೆಮ್ಮದಿ.

ನಮ್ಮ ಪಾಲಿಗೆ ಇದು ಬರಿಯ ವೇಗದ ಮಾತಲ್ಲ. 2010ರಲ್ಲಿ ಈ ಕೊಲ್ಲಿ ಪ್ರದೇಶದಲ್ಲೂ ಷಿಕಾಗೊದಲ್ಲೂ ಆರಂಭವಾದ 'ಮಸಾಲಾ' ಅಧ್ಯಯನವು, ದಕ್ಷಿಣ ಏಷ್ಯಾ ಮೂಲದವರಲ್ಲಿ ಇತರರಿಗಿಂತ ಸ್ನಾಯು ಕಡಿಮೆ, ಯಕೃತ್ತಿನ ಕೊಬ್ಬು ಹೆಚ್ಚು ಎಂಬುದನ್ನು ಗುರುತಿಸಿದೆ. ತೆಳ್ಳಗಿದ್ದರೂ ಸಕ್ಕರೆ ಕಾಯಿಲೆ ನಮ್ಮನ್ನು ಬಿಡದಿರಲು ಇದೂ ಒಂದು ಕಾರಣ. ಉಂಡ ಬಳಿಕ ರಕ್ತಕ್ಕೆ ಸೇರುವ ಸಕ್ಕರೆಯಲ್ಲಿ ದೊಡ್ಡ ಪಾಲನ್ನು ಹೀರಿಕೊಳ್ಳುವುದು ಸ್ನಾಯುಗಳೇ. ಬರಿಯ ಉಪವಾಸದಿಂದ ತೂಕ ಇಳಿಸಿದರೆ ಕೊಬ್ಬಿನೊಡನೆ ಸ್ನಾಯುವೂ ಕರಗುತ್ತದೆ.

ನನ್ನ ರಕ್ತದ ಸಕ್ಕರೆ ಗಡಿಯಂಚಿಗೆ ಬಂದಿದೆಯೆಂದು ವೈದ್ಯರು ಎಚ್ಚರಿಸಿದ ಮೇಲೆ ನಾನು ಕಾಲುಗಳ ಕಡೆ ಗಮನ ಕೊಟ್ಟೆ. ವಾರಕ್ಕೆರಡು ದಿನ ಬಸ್ಕಿ, ಊಟದಲ್ಲಿ ಅನ್ನ ಕಡಿಮೆ, ಹುರುಳಿ ಮೊಸರು ಹೆಚ್ಚು. ಶಾಲೆಯಲ್ಲಿ ಶಿಕ್ಷೆಯಾಗಿದ್ದ ಬಸ್ಕಿ ಈಗ ವರವಾಗಿದೆ. ಸೈಕಲ್ ಸವಾರಿ ಮೂಳೆಗಳಿಗೆ ಕೊಡಲಾರದ ಭಾರವನ್ನೂ ಅದು ಕೊಡುತ್ತದೆ. ಒಂದು ವರ್ಷದಲ್ಲಿ ಇಳಿದ ತೂಕ ಒಂದೇ ಕಿಲೋ. ಆದರೆ ಓಲ್ಡ್ ಲಾ ಹೋಂಡಾ ಏರಲು ಹಿಡಿಯುತ್ತಿದ್ದ 62 ನಿಮಿಷ 57ಕ್ಕೆ ಇಳಿದಿದೆ. ಸಕ್ಕರೆಯೂ ಗಡಿಯಿಂದ ಹಿಂದೆ ಸರಿದಿದೆ.

ಸಮ್ಮೇಳನಕ್ಕೆ ಆಗಮಿಸಿರುವ ಬಂಧುಗಳೇ, ತೂಕದ ಯಂತ್ರದ ಅಂಕಿಗೆ ಅಂಜಿ ಸೈಕಲನ್ನು ಗ್ಯಾರೇಜಿನ ಮೂಲೆಗೆ ಒರಗಿಸಿದ್ದರೆ, ಹೋಳಿಗೆಯೂಟ ಮುಗಿಸಿ ಊರಿಗೆ ಮರಳಿದೊಡನೆ ಅದರ ಧೂಳು ಕೊಡವಿರಿ. ತೂಕ ತನಗೆ ತೋಚಿದಾಗ ಇಳಿಯಲಿ, ಕಾಲುಗಳಿಗೆ ಮಾತ್ರ ಇಂದೇ ಕೆಲಸ ಕೊಡಿರಿ.