ನೆರೆಮನೆಯ ಶ್ವಾನಶಾಲೆ

ಪಟ್ಟಣಗಳ ವಸತಿಬೀದಿಗಳಲ್ಲಿ ಈಚೆಗೆ ಹೊಸದೊಂದು ವೃತ್ತಿಯು ನೆಲೆಗೊಂಡಿದೆ. ಜಾತಿಯ ನಾಯಿಗಳನ್ನು ಸಾಕಿ ಮರಿಗಳನ್ನು ಮಾರುವುದು, ಪರವೂರಿಗೆ ಹೋದವರ ನಾಯಿಗಳನ್ನು ಹಣಕ್ಕೆ ನೋಡಿಕೊಳ್ಳುವುದು, ಇವೆರಡೂ ಮನೆಯ ಹಿತ್ತಿಲಲ್ಲಿಯೇ ನಡೆಯುತ್ತಿವೆ. ಜನರು ಇದನ್ನು ಕೆನೆಲ್ ಎನ್ನುತ್ತಾರೆ, ನಾವು ಶ್ವಾನಶಾಲೆಯೆನ್ನೋಣ. ಈ ವೃತ್ತಿಯು ನಿಂದ್ಯವಾದುದೇನೂ ಅಲ್ಲ. ಆದರೆ ಗೋಡೆಯ ಈಚೆಗೆ ರೋಗಿಯೊಬ್ಬನು ನಿದ್ರೆಯಿಲ್ಲದೆ ಹೊರಳುತ್ತಿರುವಾಗ, ಆಚೆಗೆ ಹತ್ತು ನಾಯಿಗಳು ಇರುಳೆಲ್ಲ ಬೊಗಳುತ್ತಿದ್ದರೆ ನೆರೆಹೊರೆಯ ಸ್ನೇಹವು ಎಷ್ಟು ದಿನ ಉಳಿದೀತು?

ಇಂತಹ ಕಡೆ ಕೋಪವೆಲ್ಲ ನಾಯಿಯ ಮೇಲೆ ತಿರುಗುತ್ತದೆ. ಕಲ್ಲು ಬೀಳುತ್ತದೆ, ಕೆಲವೊಮ್ಮೆ ವಿಷವೂ ಬೀಳುತ್ತದೆ. ಈ ಅನ್ಯಾಯಕ್ಕೆ ಮಹಾಭಾರತದ ಆದಿಪರ್ವದಲ್ಲಿ ದೃಷ್ಟಾಂತವುಂಟು. ಯಜ್ಞದೆಡೆಗೆ ಬಂದ ನಾಯಿಯೊಂದನ್ನು ಜನಮೇಜಯನ ತಮ್ಮಂದಿರು ಹೊಡೆದಟ್ಟಿದರು. ಅದು ಹವಿಸ್ಸನ್ನು ನೆಕ್ಕಿರಲಿಲ್ಲ, ನೋಡಿಯೂ ಇರಲಿಲ್ಲ. ತಾಯಿಯಾದ ಸರಮೆಯು ಬಂದು, ತಪ್ಪು ಮಾಡದ ಮಗನನ್ನು ಏಕೆ ಹೊಡೆದಿರೆಂದು ಕೇಳಿದಾಗ ಅವರಲ್ಲಿ ಉತ್ತರವಿರಲಿಲ್ಲ. ಓಡಾಟವಿಲ್ಲದೆ ಇಕ್ಕಟ್ಟಿನಲ್ಲಿ ಕಟ್ಟುಬಿದ್ದು ಬೊಗಳುವ ನಾಯಿಯೂ ಹಾಗೆಯೇ ನಿರಪರಾಧಿ.

ಆದುದರಿಂದ ನಿಯಮವು ಸಾಕುವವನನ್ನು ಹಿಡಿಯಬೇಕು. ಶಾಸನಗಳಿಗೇನೂ ಕೊರತೆಯಿಲ್ಲ. ಸದಾ ಕಟ್ಟಿಹಾಕಿದ ನಾಯಿಯನ್ನು ಓಡಾಡಿಸದಿರುವುದು 1960ನೆಯ ಇಸವಿಯ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯಂತೆ ಅಪರಾಧ. ಮರಿ ಮಾಡಿಸಿ ಮಾರುವವನು ರಾಜ್ಯದ ಪ್ರಾಣಿ ಕಲ್ಯಾಣ ಮಂಡಲಿಯಲ್ಲಿ ನೋಂದಾಯಿಸಿಕೊಳ್ಳಬೇಕು, ಎಂಟು ವಾರ ತುಂಬದ ಮರಿಯನ್ನು ಮಾರಬಾರದು ಎಂದು 2017ರ ನಿಯಮಗಳು ವಿಧಿಸುತ್ತವೆ. ವಸತಿಪ್ರದೇಶದಲ್ಲಿ ರಾತ್ರಿ 10 ಗಂಟೆಯಿಂದ ಬೆಳಿಗ್ಗೆ 6ರ ವರೆಗೆ ಶಬ್ದದ ಮಿತಿ 45 ಡೆಸಿಬೆಲ್ ಎಂಬುದು 2000ನೆಯ ಇಸವಿಯ ನಿಯಮ. ಬರಿಯ ಎಣಿಕೆಯಿಂದ ಮಾತ್ರ ಕಾರ್ಯವಾಗದು. 2018ರಲ್ಲಿ ಬೆಂಗಳೂರಿನ ಮಹಾನಗರಪಾಲಿಕೆಯು ಫ್ಲ್ಯಾಟಿಗೆ ಒಂದು, ಬಿಡಿಮನೆಗೆ ಮೂರು ನಾಯಿಗಳೆಂದು ಮಿತಿ ಹಾಕಹೊರಟಿತು. ಆಕ್ಷೇಪಗಳೆದ್ದು ಆ ನಿಯಮವು ನಿಲ್ಲಲಿಲ್ಲ.

ನಮ್ಮ ಮತದಲ್ಲಿ ಶ್ವಾನಶಾಲೆಗೆ ಪರವಾನಗಿ ಕೊಡುವ ಮೊದಲು ಸ್ಥಳವನ್ನು ನೋಡಬೇಕು, ನೆರೆಯವರನ್ನು ಕೇಳಬೇಕು. ರಾತ್ರಿ ನಾಯಿಗಳು ಮಲಗುವ ಕೋಣೆಯು ಪರರ ಮಲಗುವ ಮನೆಗೆ ತಾಗಿರಬಾರದು. ದಿನಕ್ಕೆರಡು ಬಾರಿ ನಡೆದಾಟ, ಪ್ರತಿದಿನ ಮಲದ ವಿಲೇವಾರಿ, ಹುಚ್ಚುನಾಯಿರೋಗದ ಲಸಿಕೆಯ ದಾಖಲೆ ಇವು ಕಡ್ಡಾಯವಾಗಬೇಕು. ಇವುಗಳಿಂದ ನಾಯಿಗೂ ಸುಖ, ನೆರೆಯವನಿಗೂ ನಿದ್ರೆ.

ಗೃಹಸ್ಥರು ಅರ್ಜಿ ಬರೆಯುವಾಗ ನಾಯಿಗಳನ್ನು ತೆಗೆಸಿರೆಂದಷ್ಟೇ ಬರೆಯದೆ ಈ ವ್ಯವಸ್ಥೆಗಳನ್ನು ಕೇಳಲಿ. ಅದಕ್ಕೂ ಮುಂಚೆ ಆ ಮನೆಯ ಬಾಗಿಲಿಗೆ ಹೋಗಿ ಸಮಾಧಾನದಿಂದ ನಾಲ್ಕು ಮಾತಾಡುವುದೂ ಗೃಹಸ್ಥಧರ್ಮವೇ ಸರಿ.