ಇನ್ನೊಂದು ಪ್ಲೇಟು ಹಾಕಿಸುವ ಮುನ್ನ

ಬೇಲೂರು ತಾಲ್ಲೂಕು ಒಂದೇ ಆದರೂ ಅದರೊಳಗಿನ ನೆಲ ಎರಡು ಬಗೆ. ಹಳೇಬೀಡಿನ ಕಡೆ ಬಯಲು. ಅಲ್ಲಿಂದ ಅರಸೀಕೆರೆಯತ್ತ ಹೋದಷ್ಟೂ ರಾಗಿ, ತೆಂಗು, ಒಣ ನೆಲ. ಬಿಕ್ಕೋಡು, ಅರೇಹಳ್ಳಿಗಳ ಕಡೆ ಹೊರಳಿದರೆ ಕಾಫಿ, ಮೆಣಸು, ಏರು, ಇಳಿಜಾರು, ಮಳೆ. ಬಯಲಿನ ರಸ್ತೆಯಲ್ಲಿ ನಾಲ್ಕೂ ಚಕ್ರ ಬಹುಮಟ್ಟಿಗೆ ಒಂದೇ ಮಟ್ಟದಲ್ಲಿ ಉರುಳುತ್ತವೆ. ಅರೇಹಳ್ಳಿ ಸುತ್ತಿನ ತೋಟದ ದಾರಿಯಲ್ಲಿ ಹಾಗಲ್ಲ. ಎಡಗಡೆಯ ಚಕ್ರ ಮಳೆನೀರು ಕೊರೆದ ಕೊರಕಲಿಗೆ ಇಳಿದಾಗ ಬಲಗಡೆಯದು ಕಲ್ಲಿನ ಮೇಲಿರುತ್ತದೆ, ಹಿಂದಿನವು ಅಡ್ಡ ಚರಂಡಿ ದಾಟುತ್ತಿರುತ್ತವೆ. ಇಂಥ ದಾರಿಗೆ ಹಳೇ ಜೀಪನ್ನು ಸಜ್ಜು ಮಾಡುವ ಮಾತು ಬಂದಾಗಲೆಲ್ಲ ಮೊದಲು ಕೇಳಿಬರುವ ಸಲಹೆ ಒಂದೇ: ಹಿಂದೆ ಕೂತುಬಿಟ್ಟಿದೆ, ಸ್ಪ್ರಿಂಗಿಗೆ ಇನ್ನೊಂದು ಪ್ಲೇಟು ಹಾಕಿಸಿ. ಈ ಸಲಹೆ ತಪ್ಪು ಎಂಬುದು ನನ್ನ ವಾದ. ತೋಟದ ಜೀಪಿಗೆ ಬೇಕಾದದ್ದು ಬಿರುಸಾದ ಸ್ಪ್ರಿಂಗಲ್ಲ, ಸಲೀಸಾಗಿ ಬಾಗುವ ಸ್ಪ್ರಿಂಗು ಮತ್ತು ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರು. ಕೈಯಲ್ಲಿರುವ ದುಡ್ಡು ಆ ಕಡೆಗೇ ಹೋಗಬೇಕು.

ಪ್ಲೇಟು ಸೇರಿಸುವ ರೂಢಿ ಸುಮ್ಮನೆ ಬಂದದ್ದಲ್ಲ. 1941ರಲ್ಲಿ ಅಮೆರಿಕದ ಸೈನ್ಯಕ್ಕೆಂದು ವಿಲ್ಲಿಸ್ ಕಂಪನಿ ಮಾಡಿಕೊಟ್ಟ ಜೀಪು ಸೇನೆಯ ಲೆಕ್ಕದಲ್ಲಿ ‘ಕಾಲು ಟನ್ನಿನ ಟ್ರಕ್ಕು’. 1945ರಲ್ಲಿ ಹುಟ್ಟಿದ ಮಹೀಂದ್ರ ಸಂಸ್ಥೆ ಅದೇ ವಿಲ್ಲಿಸ್ ಜೀಪನ್ನು ಭಾರತದಲ್ಲಿ ಜೋಡಿಸತೊಡಗಿತು. ಸಿಜೆ 3ಬಿ ಬಂತು, ಮುಂದೆ ಎಂಎಂ 540ರಂಥವು ಬಂದವು. ಎಂಜಿನ್ ಬದಲಾಯಿತು, ಹೆಸರು ಬದಲಾಯಿತು, ಆದರೆ ಎರಡು ಅಚ್ಚಿನ ಕೆಳಗೆ ಉಕ್ಕಿನ ಪ್ಲೇಟು ಪೇರಿಸಿದ ನಾಲ್ಕು ಕಟ್ಟು ಲೀಫ್ ಸ್ಪ್ರಿಂಗು ಎಂಬ ಮೂಲ ವ್ಯವಸ್ಥೆ ಹಾಗೇ ಉಳಿಯಿತು. ಕಾಲು ಟನ್ನೆಂದರೆ ಸುಮಾರು ಐದು ಮೂಟೆ ಕಾಫಿಯಷ್ಟೆ, ಮೂಟೆಗೆ 50 ಕೆ.ಜಿ.ಯಂತೆ. ಕೊಯ್ಲಿನ ದಿನಗಳಲ್ಲಿ ಅಷ್ಟಕ್ಕೇ ನಿಲ್ಲಿಸುವವರು ಕಡಿಮೆ. ಹಣ್ಣಿನ ಮೂಟೆ, ಗೊಬ್ಬರ, ಮೈಲುತುತ್ತ, ಸುಣ್ಣ ಬೆರೆಸಿ ಸಿಂಪಡಿಸುವ ಬೋರ್ಡೋ ದ್ರಾವಣದ ಡ್ರಮ್ಮು (200 ಲೀಟರಿನ ಒಂದು ಡ್ರಮ್ಮೇ 200 ಕೆ.ಜಿ. ದಾಟುತ್ತದೆ), ಅದರ ಜೊತೆಗೆ ಆಳುಕಾಳು. ಹೊರೆ ಹೆಚ್ಚಾಗಿ ಹಿಂಭಾಗ ಕುಸಿದದ್ದು ಕಣ್ಣಿಗೆ ಕಾಣುತ್ತದೆ. ಪ್ಲೇಟು ಹಾಕಿದೊಡನೆ ಎದ್ದು ನಿಂತದ್ದೂ ಕಾಣುತ್ತದೆ. ಕಾಣದೆ ಉಳಿಯುವುದು ಆಮೇಲಿನ ಕಥೆ.

ಅದನ್ನು ತಿಳಿಯಲು ಪ್ಲೇಟಿನ ಲೆಕ್ಕ ಸ್ವಲ್ಪ ನೋಡಬೇಕು. ಒಂದೇ ದಪ್ಪದ ಪ್ಲೇಟುಗಳನ್ನು ಪೇರಿಸುತ್ತ ಹೋದರೆ ಬಿರುಸು ಒಂದೊಂದಾಗಿ ಏರುತ್ತದೆ. ದಪ್ಪ ಹೆಚ್ಚಿಸಿದರೆ ಹಾಗಲ್ಲ. ಬಿರುಸು ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ, ಅಂದರೆ ದಪ್ಪ ಇಮ್ಮಡಿಯಾದರೆ ಬಿರುಸು ಎಂಟು ಮಡಿ. 6 ಮಿ.ಮೀ. ದಪ್ಪದ ಎಂಟು ಪ್ಲೇಟಿನ ಕಟ್ಟು ಇದೆಯೆಂದು ಇಟ್ಟುಕೊಳ್ಳಿ. ಅದೇ ದಪ್ಪದ್ದು ಇನ್ನೊಂದು ಸೇರಿದರೆ ಬಿರುಸು ಎಂಟರಲ್ಲಿ ಒಂದು ಪಾಲು ಹೆಚ್ಚುತ್ತದೆ, ಅಷ್ಟೆ. ಆದರೆ ಗುಜರಿಯಲ್ಲಿ ಸಿಗುವುದು ಸಾಮಾನ್ಯವಾಗಿ ದೊಡ್ಡ ಗಾಡಿಗಳಿಂದ ಬಿಚ್ಚಿದ ದಪ್ಪ ಪ್ಲೇಟು. ಅಷ್ಟೇ ಅಗಲ, ಅಷ್ಟೇ ಉದ್ದದ 8 ಮಿ.ಮೀ.ಯದೊಂದು ಸೇರಿಸಿದರೆ ಅದೊಂದೇ ಹಳೆಯ ಎರಡೂಕಾಲಕ್ಕಿಂತ ಹೆಚ್ಚು ಪ್ಲೇಟಿಗೆ ಸಮ. ಅಂಥ ಎರಡು ಸೇರಿಸಿದರೆ ಕಟ್ಟು ಹೆಚ್ಚುಕಡಿಮೆ 60 ಪ್ರತಿಶತ ಬಿರುಸಾಗುತ್ತದೆ. ಇಲ್ಲಿ ಇನ್ನೊಂದು ಅಪಾಯವಿದೆ. ಒಟ್ಟಿಗೆ ಬಾಗುವಾಗ ದಪ್ಪ ಪ್ಲೇಟಿನ ಮೇಲ್ಮೈ ತೆಳುವಿನದಕ್ಕಿಂತ ಹೆಚ್ಚು ಎಳೆತಕ್ಕೆ ಸಿಗುತ್ತದೆ. ಗಟ್ಟಿಯೆಂದು ಹಾಕಿದ್ದೇ ಮೊದಲು ಕಟ್ಟಾಗುವುದುಂಟು, ಅದೂ ಕಟ್ಟನ್ನು ನಡುವೆ ಹಿಡಿದಿಡುವ ಸೆಂಟರ್ ಬೋಲ್ಟಿನ ತೂತಿನ ಪಕ್ಕದಲ್ಲೇ. ಕಮ್ಮಾರನ ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಹಳೇ ಪ್ಲೇಟಿಗೆ ಬಾಗು ಕೊಡಿಸುವ ಪದ್ಧತಿಯೂ ಇದೆ. ಕಾಯಿಸಿದ ಮೇಲೆ ಸರಿಯಾಗಿ ಹದ ಹಾಕದಿದ್ದರೆ ಉಕ್ಕಿನ ಸತ್ವ ಇಳಿದು ಅದು ಕೆಲವೇ ತಿಂಗಳಲ್ಲಿ ಮತ್ತೆ ಚಪ್ಪಟೆಯಾಗುತ್ತದೆ.

ಬಿರುಸಿನ ನಿಜವಾದ ನಷ್ಟ ಗೊತ್ತಾಗುವುದು ಕೊರಕಲಿನಲ್ಲಿ. ಒಂದು ಚಕ್ರ ಇಳಿದಾಗ ಅದರ ಮೇಲಿನ ಸ್ಪ್ರಿಂಗು ಬಿಚ್ಚಿಕೊಂಡು ಚಕ್ರವನ್ನು ನೆಲಕ್ಕೆ ಒತ್ತಬೇಕು, ಕಲ್ಲು ಹತ್ತಿದ ಚಕ್ರದ ಸ್ಪ್ರಿಂಗು ಮಡಿಯಬೇಕು. ಹೀಗೆ ಅಚ್ಚು ಓರೆಯಾಗಲು ಬಿಟ್ಟರಷ್ಟೆ ನಾಲ್ಕೂ ಟೈರು ಮಣ್ಣು ಹಿಡಿಯುತ್ತವೆ. ಬಿರುಸಾದ ಕಟ್ಟು ಇದಕ್ಕೆ ಒಪ್ಪುವುದಿಲ್ಲ, ಚಕ್ರ ಗಾಳಿಯಲ್ಲಿ ಉಳಿಯುತ್ತದೆ. ಸಾದಾ ಡಿಫರೆನ್ಷಿಯಲ್ಲಿನ ಗುಣವೆಂದರೆ ಅಚ್ಚಿನ ಎರಡು ಬದಿಗೂ ಸಮನಾದ ತಿರುಚುಬಲ ಹಂಚುವುದು. ಒಂದು ಚಕ್ರಕ್ಕೆ ಹಿಡಿತವೇ ಇಲ್ಲದಾಗ ಅದು ಸುಮ್ಮನೆ ಸುತ್ತುತ್ತದೆ, ಇನ್ನೊಂದಕ್ಕೂ ಸಿಗುವುದು ಅಷ್ಟೇ ಅಲ್ಪ ಬಲ. ಮುಂದೊಂದು, ಹಿಂದೊಂದು ಚಕ್ರ ತೇಲಿದರೆ ಫೋರ್‌ವೀಲ್ ಹಾಕಿದರೂ ಜೀಪು ಏರು ಹತ್ತುವುದಿಲ್ಲ. ಆಕ್ಸಿಲರೇಟರ್ ಒತ್ತಿದಂತೆ ಚಕ್ರ ಅಲ್ಲೇ ತಿರುಗಿ ದಾರಿಯನ್ನು ಕೆತ್ತುತ್ತದೆ, ಮುಂದಿನ ಮಳೆಗೆ ಆ ಜಾಗ ಇನ್ನಷ್ಟು ಆಳವಾಗುತ್ತದೆ. ಎಂಜಿನ್ನಿಗೆ ದಮ್ಮಿಲ್ಲ ಎಂದು ಬೈಸಿಕೊಳ್ಳುವ ಎಷ್ಟೋ ಜೀಪುಗಳಲ್ಲಿ ಕೊರತೆ ಇರುವುದು ಎಂಜಿನ್ನಿನಲ್ಲಲ್ಲ.

ಈಗ ಶಾಕ್ ಅಬ್ಸಾರ್ಬರಿಗೆ ಬರೋಣ. ಸ್ಪ್ರಿಂಗು ಪೆಟ್ಟನ್ನು ನುಂಗಿ ಮುಗಿಸುವುದಿಲ್ಲ. ಕೂಡಿಟ್ಟುಕೊಂಡು ವಾಪಸು ತಳ್ಳುತ್ತದೆ. ಆ ವಾಪಸಾತಿಯನ್ನು ತಡೆದು ಶಾಖವಾಗಿಸುವುದು ಶಾಕಿನ ಕೆಲಸ: ಎಣ್ಣೆ ತುಂಬಿದ ಕೊಳವೆಯಲ್ಲಿ ಪಿಸ್ಟನ್ ಸರಿಯುವಾಗ ಎಣ್ಣೆ ಸಣ್ಣ ಕವಾಟಗಳ ಮೂಲಕ ನುಸುಳಬೇಕಾಗುತ್ತದೆ. ಎಣ್ಣೆಯ ಸಾದಾ ಶಾಕು ಗಾಡಿಯ ಭಾರ ಹೊರುವುದೇ ಇಲ್ಲ. ಆದ್ದರಿಂದ ಹೊಸದು ಹಾಕಿಸಿದ ಮೇಲೂ ಹಿಂಭಾಗ ಮೇಲೇಳಲಿಲ್ಲವೆಂದು ದೂರುವುದರಲ್ಲಿ ಅರ್ಥವಿಲ್ಲ. ಹಳೇ ಕಾಲದ ಲಾರಿಗೆ, ಗಾಡಿಗೆ ಶಾಕೆಲ್ಲಿತ್ತು, ಪ್ಲೇಟುಗಳ ತಿಕ್ಕಾಟವೇ ಸಾಕು ಎನ್ನುವವರಿದ್ದಾರೆ. ಪ್ಲೇಟುಗಳು ಒಂದರ ಮೇಲೊಂದು ಜಾರುವಾಗಿನ ತಿಕ್ಕಾಟ ಕುಣಿತವನ್ನು ತಗ್ಗಿಸುತ್ತದೆಂಬುದು ನಿಜ. ಆದರೆ ಆ ತಿಕ್ಕಾಟ ಲೆಕ್ಕಕ್ಕೆ ಸಿಗುವಂಥದ್ದಲ್ಲ: ಎಣ್ಣೆ ಬಿದ್ದರೆ ಕಡಿಮೆ, ಕೆಸರು ಒಣಗಿದರೆ ಹೆಚ್ಚು, ತುಕ್ಕು ಹಿಡಿದರೆ ಕಟ್ಟೇ ಒಂದು ತೊಲೆಯಂತಾಗಿ ಸಣ್ಣ ಪೆಟ್ಟಿಗೆ ಬಾಗುವುದೇ ಇಲ್ಲ. ಮಲೆನಾಡಿನ ಮಳೆ, ಪೊಟ್ಯಾಷ್ ಗೊಬ್ಬರದ ಪುಡಿ, ಎರಡೂ ಕಬ್ಬಿಣಕ್ಕೆ ಶತ್ರುಗಳು. ಬೋರ್ಡೋ ದ್ರಾವಣದ ಹದ ನೋಡಲು ಅದರಲ್ಲಿ ಕಬ್ಬಿಣದ ಕತ್ತಿ ಅದ್ದುವ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸುಣ್ಣ ಸಾಲದ ದ್ರಾವಣದಲ್ಲಿ ಕತ್ತಿಗೆ ತಾಮ್ರ ಹತ್ತುವುದನ್ನು ಅವರು ಕಂಡಿದ್ದಾರೆ, ಅದೇ ದ್ರಾವಣ ಡ್ರಮ್ಮಿನಿಂದ ತುಳುಕಿ ಬೀಳುವುದು ಪ್ಲೇಟಿನ ಮೇಲೇ.

ಬಂಪರ್ ಒತ್ತಿ ಬಿಟ್ಟು ಗಾಡಿ ಎಷ್ಟು ಸಲ ಕುಣಿಯುತ್ತದೆಂದು ನೋಡುವ ಪರೀಕ್ಷೆ ಕಾರಿಗೆ ಒಪ್ಪಿತು. ತುಕ್ಕು ಹಿಡಿದ ಜೀಪಿನಲ್ಲಿ ಅದು ಮೋಸ ಮಾಡುತ್ತದೆ, ಏಕೆಂದರೆ ಶಾಕು ಸತ್ತಿದ್ದರೂ ಗಾಡಿ ಅಲ್ಲಾಡುವುದಿಲ್ಲ. ಸರಿಯಾದ ಪರೀಕ್ಷೆಗೆ ಶಾಕಿನ ಕೆಳತುದಿ ಬಿಚ್ಚಿ, ಕೈಯಲ್ಲಿ ಹಿಡಿದು, ನಿಧಾನವಾಗಿ ಎಳೆದು ಒತ್ತಬೇಕು. ಉದ್ದಕ್ಕೂ ಒಂದೇ ಸಮನೆ ತಡೆ ಸಿಗಬೇಕು, ಒತ್ತುವಾಗಿನದಕ್ಕಿಂತ ಎಳೆಯುವಾಗ ಹೆಚ್ಚು. ನಡುವೆ ಎಲ್ಲೋ ಒಂದಿಂಚು ಬರಿದಾಗಿ ಜಾರಿದರೆ, ಕಡ್ಡಿಯ ಸುತ್ತ ಎಣ್ಣೆ ಒಸರಿ ಧೂಳು ಮೆತ್ತಿದ್ದರೆ, ಅದರ ಆಯುಸ್ಸು ಮುಗಿದಿದೆ. ಸ್ಪ್ರಿಂಗು ಬಿರುಸಾದಷ್ಟೂ ಶಾಕಿನ ಹೊಣೆ ಹೆಚ್ಚುತ್ತದೆ ಎಂಬುದನ್ನೂ ಇಲ್ಲಿ ನೆನೆಯಬೇಕು: ಮೇಲೆ ಹೇಳಿದ 60 ಪ್ರತಿಶತ ಬಿರುಸಿಗೆ ಮೊದಲಿಗಿಂತ ಕಾಲುಭಾಗ ಹೆಚ್ಚು ತಡೆ ಬೇಕು. ದಪ್ಪ ಪ್ಲೇಟು ಸೇರಿಸಿ, ಸೋರಿದ ಶಾಕನ್ನು ಹಾಗೇ ಬಿಟ್ಟರೆ ಎರಡು ಕಡೆಯಿಂದಲೂ ಕೆಟ್ಟಂತಾಯಿತು.

ಹಾಗಾದರೆ ಹೊರೆ ಹೊರುವುದು ಹೇಗೆ? ಇದು ತೂಕವುಳ್ಳ ಆಕ್ಷೇಪ. ಇದಕ್ಕೆ ಒಪ್ಪುವ ದಾರಿಯೆಂದರೆ ಕಟ್ಟಿನ ಕೆಳಗೆ ನೆಟ್ಟಗಿರುವ ಒಂದು ಹೆಲ್ಪರ್ ಪ್ಲೇಟು. ಗಾಡಿ ಬರಿದಾಗಿರುವಾಗ ಮೇಲಿನ ಪ್ಲೇಟುಗಳ ತುದಿ ಅದಕ್ಕೆ ತಾಗುವುದಿಲ್ಲ. ಮೂಟೆ ಬಿದ್ದು ಕಟ್ಟು ಕುಗ್ಗಿದಾಗ ಮಾತ್ರ ಅದು ಹೆಗಲು ಕೊಡುತ್ತದೆ. ವರ್ಷದಲ್ಲಿ ಕೊಯ್ಲಿನ ಕೆಲವು ತಿಂಗಳ ಭಾರಕ್ಕಾಗಿ ಉಳಿದ ದಿನವೆಲ್ಲ ಬಿರುಸಾದ ಗಾಡಿ ಓಡಿಸಬೇಕಾಗಿಲ್ಲ. ಇನ್ನೊಂದು ಮಾತನ್ನು ನಾನು ಒತ್ತಿ ಹೇಳಬೇಕು. ಜೀಪಿನ ಹಿಂದಿನ ಅಡ್ಡ ಬೆಂಚು ಇರುವುದು ಹಿಂದಿನ ಅಚ್ಚಿನ ಮೇಲೇ. ಅಲ್ಲಿ ಕೂತು ತೋಟಕ್ಕೆ ಬರುವವರು ಕೊಯ್ಲಿನ ಹೆಂಗಸರು, ಮುಂದಿನ ಸೀಟಿನವರಲ್ಲ. ಸೆಕೆಂಡಿಗೆ 4ರಿಂದ 8 ಸಲ ಬರುವ ಮೇಲುಕೆಳಗಿನ ಕುಲುಕು ಕೂತ ಮನುಷ್ಯನನ್ನು ಎಲ್ಲಕ್ಕಿಂತ ಹೆಚ್ಚು ಬಾಧಿಸುತ್ತದೆ. ಪ್ಲೇಟು ಸೆಟೆದು ನಿಂತಾಗ ಗಾಡಿ ಟೈರಿನ ಮೇಲೆ ಮಾತ್ರ ಕುಣಿಯುತ್ತದೆ, ಕುಲುಕು ಆ ಮಟ್ಟದತ್ತಲೇ ಸರಿಯುತ್ತದೆ. ದಿನವಿಡೀ ಬಗ್ಗಿ, ಎತ್ತಿ ದುಡಿಯುವ ಬೆನ್ನಿಗೆ ಬೆಳಗ್ಗೆ ಸಂಜೆ ಈ ಪೆಟ್ಟನ್ನೂ ಸೇರಿಸುವುದು ನ್ಯಾಯವಲ್ಲ. ಶಾಕಿನ ಖರ್ಚು ಶೋಕಿ ಎನ್ನುವವರು ಒಮ್ಮೆ ಆ ಬೆಂಚಿನ ಕಡೆ ನೋಡಬೇಕು.

ಎತ್ತರಿಸಿದರೆ ಕಲ್ಲು ತಾಗುವುದಿಲ್ಲವಲ್ಲ ಎಂಬ ವಾದವೂ ಇದೆ. ಸ್ಪ್ರಿಂಗು ಎತ್ತರಿಸಿದರೆ ಏರುವುದು ಚಾಸಿ ಮತ್ತು ಬಾಡಿ; ಕಲ್ಲಿಗೆ ಮೊದಲು ಬಡಿಯುವ ಡಿಫರೆನ್ಷಿಯಲ್ ಗುಂಡು ಅಚ್ಚಿನ ಜೊತೆ ಇದ್ದಲ್ಲೇ ಇರುತ್ತದೆ, ಅದು ಏರುವುದು ದೊಡ್ಡ ಟೈರಿನಿಂದ ಮಾತ್ರ. ಹಳೇ ಜೀಪಿನ ಎಡಬಲ ಚಕ್ರಗಳ ಅಂತರ ಸುಮಾರು 4 ಅಡಿ. ಇಷ್ಟು ಕಿರಿದಾದ ಗಾಡಿಯನ್ನು ಎರಡು ಮೂರು ಇಂಚು ಎತ್ತರಿಸಿ ಇಳಿಜಾರಿನಲ್ಲಿ ಅಡ್ಡ ಓಡಿಸಿದರೆ ಮಗುಚುವ ಭಯ ಹೆಚ್ಚು. ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಟ್ಟು ಕ್ರಾಸ್ ಸವೆಯುತ್ತದೆ, ಬ್ರೇಕ್ ಹೋಸು ಬಿಗಿಯುತ್ತದೆ, ಸ್ಟೇರಿಂಗು ಹಿಡಿದ ದಾರಿ ಹಿಡಿಯುವುದಿಲ್ಲ. ಕಾನೂನೂ ಇದೆ. ನೋಂದಣಿ ಪತ್ರದ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಮಾರ್ಪಡಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ವ್ಯಾಖ್ಯಾನಿಸಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ. 15 ವರ್ಷ ದಾಟಿದ ಖಾಸಗಿ ಜೀಪು ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಣಕ್ಕೆ ಹೋಗಲೇಬೇಕು, ಮಾರ್ಪಾಡು ಅಲ್ಲಿ ತೊಡಕಾಗಬಹುದು.

ಇನ್ನು ಕೊಳ್ಳುವ ಮಾತು. ಮರಳುಗಾಡಿನ ರ‍್ಯಾಲಿಗೆ ಮಾಡಿದ, ಹೊರಗೆ ಬೇರೆ ಎಣ್ಣೆಡಬ್ಬಿಯಿರುವ ದುಬಾರಿ ಶಾಕು ತೋಟಕ್ಕೆ ಬೇಡ. ಅದು ವೇಗದಲ್ಲಿ ಹುಟ್ಟುವ ಶಾಖಕ್ಕೆ ಉತ್ತರ. ಗಂಟೆಗೆ 15 ಕಿ.ಮೀ.ಯಲ್ಲಿ ಅಷ್ಟು ಶಾಖ ಹುಟ್ಟುವುದಿಲ್ಲ. ಎರಡು ಕೊಳವೆಯ ಸಾದಾ ಶಾಕೇ ಇಲ್ಲಿಗೆ ಮೇಲು: ಕಲ್ಲು ಬಡಿದು ಹೊರಗಿನ ಕೊಳವೆ ತಗ್ಗಾದರೂ ಒಳಗಿನ ಪಿಸ್ಟನ್ ಓಡುತ್ತಿರುತ್ತದೆ, ಒಂಟಿ ಕೊಳವೆಯದಾದರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಅಳತೆ ಮಾತ್ರ ತಪ್ಪಬಾರದು. ಚಾಸಿ ಎತ್ತಿ ಚಕ್ರ ಪೂರ್ತಿ ಜೋಲುಬಿಟ್ಟಾಗಿನ ಎರಡು ಮೌಂಟಿಂಗುಗಳ ಅಂತರಕ್ಕಿಂತ ಪೂರ್ತಿ ಎಳೆದ ಶಾಕು ಉದ್ದವಿರಬೇಕು, ಅಚ್ಚು ರಬ್ಬರ್ ಸ್ಟಾಪಿಗೆ ತಾಗಿದಾಗಿನ ಅಂತರಕ್ಕಿಂತ ಮಡಿಸಿದಾಗ ಗಿಡ್ಡವಿರಬೇಕು. ಇಲ್ಲದಿದ್ದರೆ ಮೌಂಟಿಂಗೇ ಕಿತ್ತುಬರುತ್ತದೆ. ಇದಕ್ಕೂ ಮೊದಲು ಕಟ್ಟು ಬಿಚ್ಚಿಸಿ, ಒಂದೊಂದೇ ಪ್ಲೇಟಿನ ತುಕ್ಕು ಉಜ್ಜಿಸಿ, ಬಿರುಕು ನೋಡಿ, ಕೆಟ್ಟದ್ದರ ಜಾಗಕ್ಕೆ ಅದೇ ದಪ್ಪದ್ದು ಹಾಕಿಸಿ, ನಡುವೆ ಗ್ರಾಫೈಟ್ ಗ್ರೀಸು ಸವರಿಸಬೇಕು. ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಜೋಡಿಸುವ ಶ್ಯಾಕಲ್ಲಿನ ರಬ್ಬರ್ ಬುಷ್ಷುಗಳನ್ನು ಬದಲಿಸಿದ ಮೇಲೆ ಜೀಪನ್ನು ಜಾಕಿನಿಂದ ಇಳಿಸಿ, ಭಾರ ಚಕ್ರದ ಮೇಲೆ ಬಿದ್ದ ನಂತರವೇ ಬೋಲ್ಟ್ ಕೊನೆಯ ಬಿಗಿ ಮಾಡಬೇಕು. ತೂಗುತ್ತಿರುವಾಗ ಬಿಗಿದರೆ ರಬ್ಬರು ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಕಟ್ಟನ್ನು ಅಚ್ಚಿಗೆ ಬಿಗಿಯುವ ಯು ಬೋಲ್ಟುಗಳನ್ನು ಒಂದು ವಾರದ ಓಡಾಟದ ನಂತರ ಇನ್ನೊಮ್ಮೆ ಬಿಗಿಯಬೇಕು, ಏಕೆಂದರೆ ಹೊಸದಾಗಿ ಜೋಡಿಸಿದ ಪ್ಲೇಟುಗಳು ಅಷ್ಟರಲ್ಲಿ ಒಂದರ ಮೇಲೊಂದು ಕೂತು ಸಡಿಲ ಬಿಟ್ಟಿರುತ್ತವೆ, ಸಡಿಲಾದ ಕಟ್ಟಿನಲ್ಲಿ ಸೆಂಟರ್ ಬೋಲ್ಟು ತುಂಡಾಗಿ ಅಚ್ಚೇ ಹಿಂದಕ್ಕೆ ಸರಿಯುತ್ತದೆ.